ಚಹಾದ ಹೊಗೆ, ವಿಸ್ಕಿಯ ಹೊಗೆ

ಚೀನಾದ ಚಹಾದಿಂದ ಪ್ರೇರಣೆ ಪಡೆದ ಸ್ಕಾಚ್ ಸಿಂಗಲ್ ಮಾಲ್ಟ್ ಎಂದರೆ ಅದರೊಳಗೆ ಚಹಾ ಎಲೆ ಬೆರೆಸಿದ್ದಾರೆ ಎಂದಲ್ಲ. ಬ್ರಿಟನ್ನಿನ 2009ರ ಸ್ಕಾಚ್ ವಿಸ್ಕಿ ನಿಯಮಗಳು ಅದಕ್ಕೆ ಆಸ್ಪದವನ್ನೇ ಕೊಡುವುದಿಲ್ಲ. ನೀರು ಮತ್ತು ಬಣ್ಣಕ್ಕಾಗಿ ಸಾದಾ ಕ್ಯಾರಮೆಲ್ ಬಿಟ್ಟರೆ ಮತ್ತೇನನ್ನೂ ಸೇರಿಸುವಂತಿಲ್ಲ. ಸ್ಕಾಟ್ಲೆಂಡಿನಲ್ಲೇ, ಓಕ್ ಪೀಪಾಯಿಯಲ್ಲಿ, ಕನಿಷ್ಠ 3 ವರ್ಷ ಮಾಗಬೇಕು.

ಹಾಗಾದರೆ ಚಹಾದ ನೆನಪು ತರುವ ಘಮ ಎಲ್ಲಿಂದ? ಮಾಲ್ಟ್ (ಮೊಳಕೆ ಬಾರ್ಲಿ), ಬಟ್ಟಿ ಇಳಿಸುವ ಬಗೆ, ಪೀಪಾಯಿಯ ಆಯ್ಕೆ, ಇವುಗಳಿಂದಲೇ.

ಹೊಗೆಯ ಘಮವನ್ನೇ ನೋಡಿ. ಚೀನಾದ ಫುಜಿಯಾನ್ ಪ್ರಾಂತ್ಯದ ವೂಯಿ ಬೆಟ್ಟಗಳಲ್ಲಿರುವ ತೊಂಗ್ಮು ಹಳ್ಳಿ ಲಾಪ್ಸಾಂಗ್ ಸೂಚಾಂಗ್ ಚಹಾದ ತವರು. ಅಲ್ಲಿ ಪೈನ್ ಕಟ್ಟಿಗೆಯ ಬೆಂಕಿಯ ಮೇಲೆ ಎಲೆ ಒಣಗಿಸುತ್ತಾರೆ. ಸ್ಕಾಟ್ಲೆಂಡಿನ ಐಲಾ ದ್ವೀಪದ ಲಾಫ್ರೋಯ್ಗ್, ಲಾಗವೂಲಿನ್ ವಿಸ್ಕಿಗಳಿಗೆ ಬೇಕಾದ ಮೊಳಕೆ ಬಾರ್ಲಿಯನ್ನು ಪೀಟ್ ಹೊಗೆಯಲ್ಲಿ ಒಣಗಿಸುತ್ತಾರೆ. ಪೀಟ್ ಎಂದರೆ ಜೌಗು ನೆಲದಲ್ಲಿ ಸಾವಿರಾರು ವರ್ಷ ಅರೆಕೊಳೆತು ಪದರಗಟ್ಟಿದ ಸಸ್ಯರಾಶಿ. ಉರುವಲು ಬೇರೆ, ಆದರೆ ಎರಡೂ ಹೊಗೆಯಲ್ಲಿ ಗ್ವಾಯಕಾಲ್ ಎಂಬ ರಾಸಾಯನಿಕವಿದೆ. ಮೂಗಿಗೆ ನಂಟು ಹತ್ತುವುದು ಅಲ್ಲೇ.

ಈ ಎರಡು ನಾಡುಗಳನ್ನು ಬೆಸೆಯುವ ಇನ್ನೊಂದು ಕೊಂಡಿ ರಾಬರ್ಟ್ ಫಾರ್ಚೂನ್. ಸ್ಕಾಟ್ಲೆಂಡಿನ ಈ ಸಸ್ಯತಜ್ಞ ಈಸ್ಟ್ ಇಂಡಿಯಾ ಕಂಪನಿಗಾಗಿ 1849ರಲ್ಲಿ ಚೀನೀಯನ ವೇಷದಲ್ಲಿ ವೂಯಿ ಬೆಟ್ಟ ಹತ್ತಿದ. ಅವನು ಸಾಗಿಸಿದ ಚಹಾ ಸಸಿಗಳು ಭಾರತದ ಹಿಮಾಲಯದ ತಪ್ಪಲಿಗೆ ಬಂದವು.

ಚಹಾದಿಂದ ಪ್ರೇರಣೆ ಪಡೆದ ವಿಸ್ಕಿಯ ನಿಜವಾದ ಹೆಚ್ಚುಗಾರಿಕೆ ಇರುವುದು ಚಹಾ ಎಲೆಯನ್ನು ಮುಟ್ಟದೆಯೇ ಚಹಾದ ಗುಣ ತರುವ ಕಸುಬಿನಲ್ಲಿ.