ದಸರಾ ರಜೆಗೆ ಮಕ್ಕಳ ಜೊತೆ ಮೈಸೂರು ಪ್ಯಾಸೆಂಜರ್

ದಸರಾ ರಜೆ ಶುರುವಾದರೆ ನಮ್ಮ ಕಡೆ ಮಕ್ಕಳದ್ದು ಒಂದೇ ಹಠ, ಮೈಸೂರಿಗೆ ಕರ್ಕೊಂಡು ಹೋಗಿ ಅಂತ. ಬಸ್ಸಾದರೂ ಸೈ, ರೈಲಾದರೆ ಇನ್ನೂ ಸೈ. ಅರಸೀಕೆರೆ, ಹಾಸನ, ಹೊಳೆನರಸೀಪುರ, ಕೆ.ಆರ್. ನಗರದ ಸುತ್ತಿನ ಊರಿನವರಿಗೆ ಮೈಸೂರು ರೈಲು ಹೊಸದೇನಲ್ಲ. ಆದರೂ ಹಳಿ ಪಕ್ಕದಲ್ಲೇ ಹೊಲ ಇಟ್ಟುಕೊಂಡ ಮನೆಗಳಲ್ಲೂ ರೈಲು ಹತ್ತದ ಮಕ್ಕಳಿದ್ದಾರೆ. ದಿನಾ ಗಾಡಿಗೆ ಕೈ ಬೀಸುವುದು, ಅಷ್ಟೇ.

ಕಳೆದ ದಸರೆಗೆ ಮೂವರನ್ನು ಕರೆದುಕೊಂಡು ಹೊರಟೆ. ನನ್ನ ಮಗಳಿಗೆ 7, ಅಕ್ಕನ ಮಗನಿಗೆ 4, ಪಕ್ಕದ ಮನೆ ಹುಡುಗಿಗೆ 8. ಟಿಕೆಟ್ ವಿಷಯ ಬಹಳ ಜನ ಕೇಳುತ್ತಾರೆ, ಹೇಳಿಬಿಡುತ್ತೇನೆ. 5 ವರ್ಷ ತುಂಬದ ಮಕ್ಕಳಿಗೆ ಟಿಕೆಟ್ ಬೇಡ. 5 ತುಂಬಿ 12 ಆಗದವರಿಗೆ ಜನರಲ್ ಬೋಗಿಯಲ್ಲಿ ಅರ್ಧ ಟಿಕೆಟ್. ರಿಸರ್ವೇಷನ್ ಮಾಡಿಸಿ ಮಗುವಿಗೂ ಪ್ರತ್ಯೇಕ ಬರ್ತ್ ಬೇಕೆಂದರೆ ಮಾತ್ರ ಪೂರ್ತಿ ದರ, 2016ರಿಂದ ಹೀಗೇ ಇದೆ. ವಯಸ್ಸಿಗೆ ಒಂದು ಆಧಾರ್ ಜೆರಾಕ್ಸ್ ಜೇಬಿನಲ್ಲಿರಲಿ.

ಜಂಬೂ ಸವಾರಿ ದಿನ ಮಾತ್ರ ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಹೋಗಬೇಡಿ. ಆನೆಯೂ ಕಾಣುವುದಿಲ್ಲ, ಅಂಬಾರಿಯೂ ಕಾಣುವುದಿಲ್ಲ, ಮುಂದಿನವರ ಬೆನ್ನು ಕಾಣುತ್ತದೆ. ಅದಕ್ಕಿಂತ ನಾಲ್ಕೈದು ದಿನ ಮೊದಲು ಹೋದರೆ ಅರಮನೆ ದೀಪಾಲಂಕಾರ ಕಣ್ತುಂಬ ನೋಡಬಹುದು. ನಾವು ಹಾಗೇ ಹೋಗಿದ್ದು. ಹೊರಡುವ ಮೊದಲು ಮೂವರ ಅಂಗೈ ಮೇಲೂ ಪೆನ್ನಿನಲ್ಲಿ ನನ್ನ ಫೋನ್ ನಂಬರ್ ಬರೆದೆ. ಚಿಕ್ಕವನು ಹಾಸನ ಬರುವಷ್ಟರಲ್ಲಿ ಅದನ್ನು ನೆಕ್ಕಿ ಅಳಿಸಿದ, ಮತ್ತೆ ಬರೆದೆ.

ಪಕ್ಕದ ಮನೆ ಹುಡುಗಿಯ ಕತೆಯೇ ಬೇರೆ. ಅವಳಪ್ಪ ಇದೇ ಹಳಿ ಮೇಲೆ ಗುತ್ತಿಗೆ ಕೂಲಿ. ಜಲ್ಲಿ ತುಂಬುವುದು, ಸ್ಲೀಪರ್ ಬದಲಿಸುವುದು, ಗಿಡ ಸವರುವುದು. ರೈಲ್ವೆಯ ಕಾಯಂ ನೌಕರರಾದರೆ ಮನೆಯವರಿಗೆಲ್ಲ ಪಾಸ್ ಸಿಗುತ್ತದೆ. ಗುತ್ತಿಗೆಯವರಿಗೆ ದಿನಗೂಲಿ ಬಿಟ್ಟರೆ ಏನೂ ಇಲ್ಲ, ಹಬ್ಬಕ್ಕೆ ರಜೆ ಹಾಕಿದರೆ ಆ ದಿನದ ಕೂಲಿಯೂ ಇಲ್ಲ. ಹಾಗಾಗಿ ಹಳಿ ಕಾಯುವವನ ಮಗಳು ಎಂಟು ವರ್ಷವಾದರೂ ರೈಲು ಹತ್ತಿರಲಿಲ್ಲ.

ಹಿಂದಿನ ದಿನ ರಾತ್ರಿ ಅವನೇ ಬಂದು ಹೇಳಿದ್ದ. "ಅಣ್ಣ, ನಾಳೆ ಹೊಳೆನರಸೀಪುರ ದಾಟಿದ ಮೇಲೆ ನಮ್ಮ ಗ್ಯಾಂಗು ಇರುತ್ತೆ. ಬಲಗಡೆ ಕೂರ್ಸಿ. ಟವೆಲ್ ಬೀಸ್ತೀನಿ ಅಂತ ಹೇಳಿದೀನಿ." ಕೆಂಪು ಟವೆಲ್ ಬೀಸಬೇಡಪ್ಪ, ಗಾಡಿ ನಿಂತುಬಿಡುತ್ತೆ ಅಂದೆ. ನಕ್ಕ.

ಬಲಗಡೆ ಕಿಟಕಿ ಸಿಗುವುದು ಸುಲಭವೇ? ಅರಸೀಕೆರೆಯಲ್ಲೇ ಗಾಡಿ ತುಂಬಿತ್ತು. ಹಾಸನದಲ್ಲಿ ಇನ್ನಷ್ಟು ಜನ. ವಿಷಯ ಹೇಳಿದ ಮೇಲೆ ಒಬ್ಬ ಅಜ್ಜಿ ತನ್ನ ಜಾಗ ಬಿಟ್ಟು, "ಬಾ ಮಗ, ನಿಮ್ಮಪ್ಪನ್ನ ನಾನೂ ನೋಡ್ತೀನಿ" ಅಂತ ಹುಡುಗಿಯನ್ನು ತೊಡೆ ಮೇಲೆ ಕೂರಿಸಿಕೊಂಡರು. ಕಡ್ಲೆಕಾಯಿ ಬಂತು, ಸೌತೆಕಾಯಿ ಬಂತು, ಅವಳು ಕತ್ತು ತಿರುಗಿಸಲಿಲ್ಲ.

ಹೊಳೆನರಸೀಪುರ ದಾಟಿ ಸ್ವಲ್ಪ ಹೊತ್ತಿಗೆ ಗಾಡಿ ನಿಧಾನವಾಯಿತು. ಕಿತ್ತಳೆ ಜಾಕೆಟ್ ಹಾಕಿದ ಒಂದು ಸಾಲು ಜನ ಹಳಿಯಿಂದ ಆಚೆ ಸರಿದು ನಿಂತಿದ್ದರು. ಎಲ್ಲರಿಗೂ ಒಂದೇ ಜಾಕೆಟ್, ಒಂದೇ ಧೂಳು. ಯಾರೂ ಟವೆಲ್ ಬೀಸಲಿಲ್ಲ. ಹುಡುಗಿ ಮಾತ್ರ ಕಿಟಕಿ ಸರಳಿನ ಸಂದಿಯಿಂದ ಕೈ ಆಡಿಸುತ್ತಲೇ ಇದ್ದಳು. ನಾಲ್ಕೈದು ಸೆಕೆಂಡು, ಮುಗಿಯಿತು. ಅಜ್ಜಿ "ಕಂಡನಾ?" ಅಂದರು. ಅವಳು ಮಾತಾಡಲಿಲ್ಲ. ಸಾಗರಕಟ್ಟೆಯಲ್ಲಿ ಕೆಆರ್‌ಎಸ್ ಹಿನ್ನೀರು ಬಂದಾಗ ಬೋಗಿಯ ಮಕ್ಕಳೆಲ್ಲ ಕೂಗಿದರು, ಇವಳು ಸುಮ್ಮನಿದ್ದಳು.

ಮೈಸೂರಿನಲ್ಲಿ ನಿಲ್ದಾಣದ ಹತ್ತಿರವೇ ರೈಲು ಮ್ಯೂಸಿಯಂ ಇದೆ, 1979ರಲ್ಲಿ ಶುರುವಾದದ್ದು. ಹಳೇ ಉಗಿಬಂಡಿಗಳು, 1899ರ ಮಹಾರಾಣಿ ಸಲೂನ್ ಬೋಗಿ, ಮಕ್ಕಳಿಗೆ ಪುಟಾಣಿ ರೈಲು. ಚಿಕ್ಕ ಮಕ್ಕಳಿದ್ದರೆ ಅರಮನೆಗಿಂತ ಮೊದಲು ಇಲ್ಲಿಗೆ ಹೋಗಿ, ಓಡಾಡಲು ಜಾಗವಿದೆ. ಪುಟಾಣಿ ರೈಲಿನಲ್ಲಿ ನನ್ನ ಮಗಳು ಇಂಜಿನ್ ಹತ್ತಿರ ಕೂತಳು. ಪಕ್ಕದ ಮನೆಯವಳು ಕೊನೇ ಬೋಗಿಯೇ ಬೇಕು ಅಂತ ಹಟ ಹಿಡಿದು, ಹಿಂದಕ್ಕೆ ಓಡುವ ಹಳಿ ನೋಡುತ್ತಾ ಕೂತಳು.

ಸಂಜೆ ಅರಮನೆಯ ದೀಪ ಹತ್ತಿದಾಗ ಅಕ್ಕನ ಮಗ ನನ್ನ ಹೆಗಲ ಮೇಲೆ ನಿದ್ದೆ ಹೊಡೆಯುತ್ತಿದ್ದ. ಅವನಿಗೆ ಈಗಲೂ ನೆನಪಿರುವುದು ಸೌತೆಕಾಯಿ ಒಂದೇ.

ರಾತ್ರಿ ವಾಪಸ್ಸು ಇಳಿದಾಗ ಅವಳಪ್ಪ ಸೈಕಲ್ ಹಿಡಿದು ನಿಂತಿದ್ದ. ಅವಳು ದಸರೆ ಮಾತು ಎತ್ತಲೇ ಇಲ್ಲ.

"ಟವೆಲ್ ಯಾಕೆ ಬೀಸ್ಲಿಲ್ಲ?"

"ಮೇಸ್ತ್ರಿ ನಿಂತಿದ್ರು ಕಣವ್ವ."

"ಹಂಗಾರೆ ನೀನು ಎಷ್ಟನೆಯವನು?"

"ಮೂರನೆಯವನು. ಟವೆಲ್ ತಲೆಗೆ ಸುತ್ತಿದ್ನಲ್ಲ."

ಅವಳು ಸ್ವಲ್ಪ ಯೋಚನೆ ಮಾಡಿ, "ನೋಡ್ದೆ" ಅಂದು ಸೈಕಲ್ ಹತ್ತಿ ಕೂತಳು.