ಒಂದೇ ಎಲೆ

ವರಾಛಾದಲ್ಲಿ ನಮ್ಮ ಮನೆಯ ಹಿಂದಿನ ಓಣಿ ಅಗಲವಾದುದೇನೂ ಅಲ್ಲ. ಒಂದು ಬದಿಗೆ ವಜ್ರಕ್ಕೆ ಸಾಣೆ ಹಿಡಿಯುವ ಕಾರಖಾನೆ, ಇನ್ನೊಂದು ಬದಿಗೆ ಸಾಲಾಗಿ ನಿಲ್ಲಿಸಿದ ಮೋಟಾರ್ ಸೈಕಲ್ಲುಗಳು. ನಡುವೆ ಉಳಿದಷ್ಟು ಜಾಗದಲ್ಲಿ ನಮ್ಮ ಹುಡುಗಿ ಕಾಲ್ಚೆಂಡು ಆಡುತ್ತಾಳೆ. ಗೋಡೆಗೆ ಚೆಂಡು ಬಡಿದ ಸಪ್ಪಳವಾದಾಗಲೆಲ್ಲ ನಮ್ಮ ಅತ್ತೆಯವರು, "ಹೆಣ್ಣ ಹುಡುಗಿ ಕಾಲಿಲೆ ಆಡೂದಂದ್ರ ಏನವಾ! ಕುಂಟಬಿಲ್ಲಿ ಇಲ್ಲೇನು?" ಎನ್ನುವುದುಂಟು. ಕುಂಟಬಿಲ್ಲೆಯೂ ಕಾಲಿನ ಆಟವೇ ಎಂಬುದನ್ನು ನಾನು ಅವರಿಗೆ ಹೇಳಹೋಗಿಲ್ಲ.

ಈ ಹುಚ್ಚು ಹಿಡಿದದ್ದು 2023ರ ಮೇ 21ರಂದು. ಅಹಮದಾಬಾದಿನ ಟ್ರಾನ್ಸ್‌ಸ್ಟೇಡಿಯಾದಲ್ಲಿ ಭಾರತೀಯ ಮಹಿಳಾ ಲೀಗಿನ ಕೊನೆಯ ಪಂದ್ಯವಿತ್ತು. ಕರ್ನಾಟಕದ ಕಿಕ್‌ಸ್ಟಾರ್ಟ್ ತಂಡ ಅಲ್ಲಿಯವರೆಗೆ ಬಂದಿತ್ತು. "ನಮ್ಮ ಕಡೆಯವರು ಬಂದಾರ, ನೋಡಲಿಲ್ಲಂದ್ರ ಹೆಂಗ?" ಎಂದು ನಮ್ಮ ಯಜಮಾನರು ಬುತ್ತಿ ಕಟ್ಟಿಸಿ ಎಲ್ಲರನ್ನೂ ರೈಲು ಹತ್ತಿಸಿದರು. ಗೋಕುಲಂ ಕೇರಳದವರು ಐದು ಗೋಲು ಹೊಡೆದರು. ನಮ್ಮವರದು ಒಂದೂ ಇಲ್ಲ. ಬರುವಾಗ ಬುತ್ತಿಯ ಚಪಾತಿಯನ್ನು ಯಾರೂ ಮುಟ್ಟಲಿಲ್ಲ. ಹುಡುಗಿ ಮಾತ್ರ ಮರುದಿನ ಚೆಂಡು ಕೊಡಿಸೆಂದು ಕುಳಿತಳು.

2025ರ ಮಳೆಗಾಲಕ್ಕೆ ಶಾಲೆಯಿಂದ ಒಂದು ಕಾಗದ ಬಂದಿತು. ತಂಡದ ಆಯ್ಕೆಗೆ ತಾಯಿತಂದೆಯರ ಒಪ್ಪಿಗೆ ಬೇಕಂತೆ. ನಾನು ಅದನ್ನು ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟೆ. ಮೊಣಕಾಲು ಮುರಿದರೆ, ಓದು ಹಿಂದೆ ಬಿದ್ದರೆ, ಎಂದು ಹೊರಗೆ ಹೇಳಿದೆ. ಒಳಗಿನ ಕಾರಣವೇ ಬೇರೆ. ಆಯ್ಕೆಯಾಗದೆ ಅವಳು ಮನೆಗೆ ಬಂದರೆ ಆ ಮುಖ ನೋಡುವ ಶಕ್ತಿ ನನಗಿರಲಿಲ್ಲ.

ಅದೇ ದಿನಗಳಲ್ಲಿ ಥಾಯ್‌ಲ್ಯಾಂಡಿನ ಚಿಯಾಂಗ್ ಮಾಯ್‌ನಲ್ಲಿ ನಮ್ಮ ದೇಶದ ಹೆಣ್ಣುಮಕ್ಕಳು ಏಷ್ಯಾ ಕಪ್ಪಿನ ಅರ್ಹತಾ ಪಂದ್ಯಗಳನ್ನು ಆಡುತ್ತಿದ್ದರು. ಹುಡುಗಿ ಅಜ್ಜಿಗೆ ಲೆಕ್ಕ ಬಿಡಿಸಿ ಹೇಳಿದಳು. ಆಸ್ಟ್ರೇಲಿಯಾದಲ್ಲಿ 2026ರಲ್ಲಿ ಆಡಲು ಹನ್ನೆರಡು ದೇಶಗಳಿಗೆ ಜಾಗ. ನಾಲ್ಕು ಆಗಲೇ ತುಂಬಿವೆ. ಉಳಿದ ಎಂಟಕ್ಕೆ 34 ದೇಶಗಳು, ಎಂಟು ಗುಂಪು, ಗುಂಪಿಗೆ ಒಬ್ಬರೇ.

"ಎರಡನೇದವರಿಗೆ?"

"ಏನೂ ಇಲ್ಲಜ್ಜಿ."

2022ರಲ್ಲಿ ಆತಿಥೇಯರೆಂದು ನಮಗೆ ಕೇಳದೆಯೇ ಎಲೆ ಹಾಕಿದ್ದರು. ಉಣ್ಣಲು ಕುಳಿತ ಮೇಲೆ ತಂಡದಲ್ಲಿ ಕೊರೋನಾ ಹಬ್ಬಿ, ಜನವರಿ 23ರ ಪಂದ್ಯಕ್ಕೆ ಹದಿಮೂರು ಮಂದಿ ಸಹ ಕೂಡದೆ ಎದ್ದು ಬರಬೇಕಾಯಿತು. ಅರ್ಹತಾ ಪಂದ್ಯ ಗೆದ್ದು ಹೋದದ್ದಂತೂ ಅಲ್ಲಿಯವರೆಗೆ ಒಮ್ಮೆಯೂ ಇಲ್ಲ.

ಈ ಸಲ ಭಾರತ ಮಂಗೋಲಿಯಾಕ್ಕೆ 13, ಪೂರ್ವ ತಿಮೋರಿಗೆ 4, ಇರಾಕಿಗೆ 5 ಗೋಲು ಹೊಡೆದಿತ್ತು. ಅದೇ ಮೂವರಿಗೆ ಥಾಯ್‌ಲ್ಯಾಂಡ್ ಹೊಡೆದದ್ದು 11, 4, 7. ಇಬ್ಬರದೂ 22; ಬಿಟ್ಟುಕೊಟ್ಟದ್ದು ಇಬ್ಬರೂ ಒಂದೂ ಇಲ್ಲ. ಅತ್ತೆಯವರು ಬೆರಳು ಮಡಿಚಿ ಎಣಿಸಿ, "ವಜ್ರದ ತಕ್ಕಡ್ಯಾಗ ತೂಗಿದಂಗ ಐತೆಲ್ಲ!" ಎಂದರು.

ಜುಲೈ 5, ಶನಿವಾರ ಸಂಜೆ. ಹುಡುಗಿ ಮೊಬೈಲು ಹಿಡಿದು ಗೋಲಿನ ಸುದ್ದಿ ಹೇಳುತ್ತಿದ್ದಳು. ನಾನು ಲಟ್ಟಣಿಗೆ ಹಿಡಿದು ಕೇಳುತ್ತಿದ್ದೆ. 29ನೆಯ ನಿಮಿಷಕ್ಕೆ ಬಂಗಾಳದ ಸಂಗೀತಾ ಬಾಸ್‌ಫೋರ್ ಗೋಲು ಹೊಡೆದಳು. ವಿರಾಮ ಮುಗಿದು ಎರಡೇ ನಿಮಿಷಕ್ಕೆ ಥಾಯ್‌ಲ್ಯಾಂಡ್ ಸಮ ಮಾಡಿತು. ಹಂಚಿನ ಮೇಲಿನ ಚಪಾತಿ ಕರಕಾಯಿತು. 74ನೆಯ ನಿಮಿಷಕ್ಕೆ ಮತ್ತೆ ಸಂಗೀತಾ. ಎರಡಕ್ಕೆ ಒಂದು! ಅತ್ತೆಯವರು ದೇವರಿಗೆ ಇನ್ನೊಂದು ದೀಪ ಹಚ್ಚಿದರು.

ಕುಣಿದು ದಣಿದ ಹುಡುಗಿ ಊಟಕ್ಕೆ ಕುಳಿತಾಗ ಸುಮ್ಮನಾಗಿದ್ದಳು.

"ಅವ್ವಾ, ಥಾಯ್‌ಲ್ಯಾಂಡಿನವರು ಎರಡು ಸಲ ವಿಶ್ವಕಪ್ ಆಡಿದವರು. ಈಗ ಮನಿಗೆ ಹೋಗಿ ಏನ್ ಮಾಡ್ತಾರ?"

"ಏನ್ ಮಾಡ್ತಾರ, ಉಂಡು ಮಲಕೋತಾರ."

"ಸೋತ್ರ ನಾನೂ ಅಷ್ಟ ಮಾಡ್ತೀನಿ. ನೀ ಹೆದರಬ್ಯಾಡ."

ಅವಳಿಗೆ ಯಾರು ಹೇಳಿದ್ದರೋ ಕಾಣೆ. ನಾನು ಎದ್ದು ಹಿಟ್ಟಿನ ಡಬ್ಬಿ ಸರಿಸಿದೆ. ಕಾಗದ ಅಂಚಿನಲ್ಲಿ ಎಣ್ಣೆ ಕುಡಿದಿತ್ತು. ಒರೆಸಿ ಸಹಿ ಹಾಕಿದೆ.

"ಆಯ್ಕೆಯ ದಿವಸ ಬುತ್ತಿ ನಾ ಕಟ್ತೀನಿ" ಎಂದರು ಅತ್ತೆಯವರು. "ಚಪಾತಿ ಬ್ಯಾಡ. ಖಡಕ್ ರೊಟ್ಟಿ ಕಟ್ಟೂಣು, ಉಳಿದ್ರೂ ಕೆಡೂದಿಲ್ಲ."