ಲಿಂಬಿ ತೋಟದ ಹಸಿ ಮೂಲಿ

ವಿಜಯಪುರದಿಂದ ಸೊಲ್ಲಾಪುರದ ಹೆದ್ದಾರಿ ಹಿಡಿದರೆ ಸಿಗೋ ಊರು ನಮ್ಮ ಝಳಕಿ. ಬಸ್ಸಿನಿಂದ ನೋಡಿದ್ರೆ ಎರೆಹೊಲ, ಜಾಲಿ, ಬಿಸಿಲು ಅಷ್ಟೇ. ಇಂಡಿ ಲಿಂಬೆಗೆ ಜಿಐ ಟ್ಯಾಗ್ ಸಿಕ್ಕಾಗ ಬೆಂಗಳೂರಿನ ಆಫೀಸಲ್ಲಿ ಪೇಢೆ ಹಂಚಿದ್ದೆ. ಆದ್ರೆ ನಮ್ಮ ತೋಟದಲ್ಲಿ ಎರಡು ವರ್ಷದಿಂದ ಹೂ ಬರ್ತಿತ್ತು, ಕಾಯಿ ಕಚ್ಚೋದು ಕಡಿಮೆ.

ಕಳೆದ ಮಳೆಗಾಲ ಊರಿಗೆ ಹೋದಾಗ ಅಪ್ಪ ಕಳೆನಾಶಕದ ಪಂಪು ಹೆಗಲಿಗೇರಿಸಿ ನಿಂತಿದ್ರು. ಕೃಷಿ ಹೊಂಡದ ಕೆಳಗೆ ನೀರು ಬಸಿದು ಸದಾ ಹಸಿಯಾಗಿರೋ ಮೂಲೆ ಅದು. ಅಲ್ಲಿ ಗರಗ, ಹೊನಗೊನೆ. ದಂಡೆ ಮೇಲೆ ತುಂಬೆ, ಅದರ ಬಿಳಿ ಹೂವಿನ ತುಂಬ ಕೋಲುಜೇನು!

"ಅಪ್ಪಾ, ಇದೊಂದು ಮೂಲಿ ಬಿಡ್ರಿ."

"ಕಸ ಬೆಳಸಾಕ ಬೆಂಗಳೂರಿಂದ ಬಂದಿಯೇನು? ಮಂದಿ ನಗ್ತಾರ."

ಅವ್ವ ನಡುವೆ ಬಂದಳು: "ಮೊದಲ ಜ್ವಾಳದ ಸುತ್ತ ಕುಸುಬಿ ಹಾಕ್ತಿದ್ವಿ. ಹುಳ ಗುಂಯ್ ಅಂತಿದ್ದವು. ಈಗ ಬರೇ ಲಿಂಬಿ."

ಲಿಂಬೆ ಹೂ ಬಿಡೋದು ಬಹಾರಕ್ಕೊಮ್ಮೆ. ನಡುವಿನ ತಿಂಗಳು ಜೇನು ಏನು ತಿನ್ನಬೇಕು? ಈ ಮೂಲೆಯೇ ಅದರ ಮೆಸ್ಸು!

ಬೀಜ ಕೊಳ್ಳಲಿಲ್ಲ. ಕಾಂಗ್ರೆಸ್ ಕಸವನ್ನು ಹೂ ಬಿಡೋ ಮೊದಲೇ ಕಿತ್ತೆವು. ಒಣಗಿದ ತುಂಬೆಯ ಬೀಜ ದಂಡೆಗೆ ಚೆಲ್ಲಿದೆವು. ಹಿಂಗಾರಿಗೆ ಮೇಲಿನ ಒಣ ಬದುವಿಗೆ ಎರಡು ಸಾಲು ಕುಸುಬಿ ಹಾಕಿದೆವು. ತೋಟ ಹೂವಿನಲ್ಲಿದ್ದಾಗ ಎಣ್ಣೆ ಹೊಡೆಯೋದು ಬಂದ್.

ಕಾಯಿ ಹೆಚ್ಚಿತಾ? ಹೇಳೋಕೆ ಇನ್ನೊಂದೆರಡು ಬಹಾರ ಬೇಕು. ಆದ್ರೆ ಮೊನ್ನೆ ಅಪ್ಪ ವಾಟ್ಸಾಪಿನಲ್ಲಿ ಫೋಟೋ ಕಳಿಸಿದ್ರು. ಜಾಲಿ ಟೊಂಗೆಗೆ ಅಂಗೈಯಷ್ಟಗಲ ಕೋಲುಜೇನಿನ ಹುಟ್ಟು. ಕೆಳಗೆ ಒಂದೇ ಸಾಲು: "ಪಂಪು ಅಟ್ಟಕ್ಕ ಇಟ್ಟೀನಿ."